ಆ್ಯಪಿನ ತಲೆಯ ಮೇಲೆ ಎರಡಕ್ಷರ ಬರೆದು ಹೋದವನು: ಫಿಲ್ ಕ್ಯಾಟ್ಜ್ ಬದುಕು

ವಾಟ್ಸಾಪಿಗೆ ಮದುವೆ ಕರೆಯೋಲೆ ಅಂತ ಒಂದು ಫೈಲು ಬರುತ್ತದೆ. ಕಳಿಸಿದ ನಂಬರು ಪರಿಚಯದ್ದೇ. ಹೆಸರಿನ ತುದಿಯಲ್ಲಿ ಎಪಿಕೆ ಅಂತ ಮೂರು ಇಂಗ್ಲಿಷ್ ಅಕ್ಷರ ಇರುತ್ತೆ, ಅದನ್ನ ಯಾರೂ ನೋಡೋದಿಲ್ಲ. ಒತ್ತಿ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದು ಮುಗಿಸೋ ಹೊತ್ತಿಗೆ ಬ್ಯಾಂಕಿನ ಒಟಿಪಿ ಬೇರೆಯವರ ಕೈ ಸೇರಿರುತ್ತೆ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು, ವೇಷ ಹತ್ತಾರು. ಎಪಿಕೆ ಒತ್ತಬೇಡಿ ಅಂತ ಪೊಲೀಸರು ಹೇಳುತ್ತಲೇ ಇದ್ದಾರೆ. ಆದರೆ ಈ ಎಪಿಕೆ ಅಂದರೆ ಏನು ಅಂತ ಬಿಡಿಸಿ ಹೇಳುವವರು ಕಡಿಮೆ.

ಅದೊಂದು ಪೆಟ್ಟಿಗೆ, ಅಷ್ಟೆ. ಆ್ಯಪ್ ನಡೆಯಲು ಬೇಕಾದ ಕೋಡು, ಚಿತ್ರಗಳು, ಕನ್ನಡ ಮೂಡಿಸುವ ಫಾಂಟು, ಟಿಂಗ್ ಅನ್ನುವ ಸದ್ದು, ಎಲ್ಲವನ್ನೂ ಒಳಗೆ ಜೋಡಿಸಿ ಮುಚ್ಚಿದ ಪೆಟ್ಟಿಗೆ. ಬೈಟುಗಳನ್ನು ಇದ್ದ ಹಾಗೇ ತೋರಿಸುವ ಸಾಧನದಲ್ಲಿ ಅದನ್ನು ತೆರೆದರೆ ಮೊದಲು ಕಾಣೋದು ಪಿ ಮತ್ತು ಕೆ ಅನ್ನೋ ಎರಡು ಅಕ್ಷರ. ಮೋಸಗಾರನ ಫೈಲಿನಲ್ಲೂ ಅದೇ, ನಿಮ್ಮ ಬ್ಯಾಂಕಿನ ಅಸಲಿ ಆ್ಯಪಿನಲ್ಲೂ ಅದೇ. ಐಫೋನಿನ ಆ್ಯಪು, ಜಾವಾದ ಜಾರ್ ಫೈಲು, ಆಫೀಸಿನಲ್ಲಿ ಟೈಪು ಮಾಡುವ ವರ್ಡ್ ಕಡತ, ಇ-ಪುಸ್ತಕ, ಎಲ್ಲದರ ತಲೆಯ ಮೇಲೂ ಪಿಕೆ. (ಎಪಿಕೆ ಅನ್ನೋ ಹೆಸರಲ್ಲಿರೋ ಪಿಕೆಗೂ ಇದಕ್ಕೂ ನಂಟಿಲ್ಲ. ಅದು ಕಾಕತಾಳೀಯ.) ಇವು ಒಬ್ಬ ಮನುಷ್ಯನ ಹೆಸರಿನ ಮೊದಲಕ್ಷರಗಳು. ಫಿಲಿಪ್ ಕ್ಯಾಟ್ಜ್, ಎಲ್ಲರಿಗೂ ಫಿಲ್ ಕ್ಯಾಟ್ಜ್. ಸತ್ತಾಗ ವಯಸ್ಸು 37.

ಆತ ಹುಟ್ಟಿದ್ದು 1962ರ ನವೆಂಬರ್ 3ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಮಿಶಿಗನ್ ಸರೋವರದ ದಡದ ಊರು; ಬಿಯರಿಗೆ ಮತ್ತು ಯಂತ್ರಗಳಿಗೆ ಹೆಸರುವಾಸಿ. ಭದ್ರಾವತಿಯವರಿಗೆ ಈ ಊರು ಬೇಗ ಅರ್ಥವಾಗುತ್ತೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡು ಸೇರಿ ಭದ್ರಾವತಿಯಲ್ಲಿ ನ್ಯೂಟೌನು, ಪೇಪರ್ ಟೌನು ಅಂತ ಬಡಾವಣೆಗಳನ್ನೇ ಕಟ್ಟಿದವು. ಮಿಲ್ವಾಕಿಯನ್ನೂ ಹಾಗೇ ಕಾರ್ಖಾನೆಗಳು ಕಟ್ಟಿದವು. ಟ್ರ್ಯಾಕ್ಟರು, ಟರ್ಬೈನು ಮಾಡುತ್ತಿದ್ದ ಅಲ್ಲಿನ ಅಲಿಸ್-ಚಾಮರ್ಸ್ ಕಂಪನಿ 1987ರಲ್ಲಿ ದಿವಾಳಿಯಾಯಿತು. ನಮ್ಮಲ್ಲಿ ಎಂಪಿಎಂ ಯಂತ್ರಗಳು ನಿಂತದ್ದು 2015ರಲ್ಲಿ. ಅಪ್ಪ ಕಾರ್ಖಾನೆ, ಮಗ ಸಾಫ್ಟ್‌ವೇರು ಅನ್ನೋ ಕತೆ ನ್ಯೂಟೌನಿನ ಎಷ್ಟೋ ಮನೆಗಳದ್ದು. ಆ ತಿರುವನ್ನ ಮಿಲ್ವಾಕಿ ನಮಗಿಂತ ಒಂದು ತಲೆಮಾರು ಮೊದಲೇ ಕಂಡಿತ್ತು.

ಹುಡುಗನಿಗೆ ಅಸ್ತಮಾ. ಹೊರಗೆ ಆಡಿದ್ದು ಕಡಿಮೆ, ಗೆಳೆಯರೂ ಕಡಿಮೆ. ಅಪ್ಪನ ಜೊತೆ ಕೂತು ಚೆಸ್ ಆಡೋದು, ಪ್ರೋಗ್ರಾಮ್ ಬರೆಯಬಹುದಾದ ಕ್ಯಾಲ್ಕುಲೇಟರಿನಲ್ಲಿ ತಲೆ ಓಡಿಸೋದು. ಆ ಕಾಲದ ಕ್ಯಾಲ್ಕುಲೇಟರಿಗೆ ಹಿಡಿಸುತ್ತಿದ್ದದ್ದು ಬೆರಳೆಣಿಕೆಯ ಹೆಜ್ಜೆಗಳು. ಒಂದು ಹೆಜ್ಜೆ ಉಳಿಸೋಕೆ ಗಂಟೆಗಟ್ಟಲೆ ಯೋಚಿಸಬೇಕು. ಮುಂದೆ ಆತ ಮಾಡಿದ್ದೆಲ್ಲ ಇದೇ ಆಟದ ಮುಂದುವರಿಕೆ ಅಂತ ನನಗನ್ನಿಸುತ್ತೆ. ಕಾಲೇಜಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಜೊತೆಗಾರ ಅಂತ ಇದ್ದವರು ಅವರೊಬ್ಬರೇ.

1984ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಸೈನ್ಸ್ ಪದವಿ. ಮೊದಲ ಕೆಲಸ ಅಲೆನ್-ಬ್ರಾಡ್ಲಿ ಕಂಪನಿಯಲ್ಲಿ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಪೆಟ್ಟಿಗೆಗಳಿಗೆ ಸಂಬಂಧಿಸಿದ ಪ್ರೋಗ್ರಾಮ್ ಬರೆಯೋದು. ಉಕ್ಕಿನ ರೋಲಿಂಗ್ ಮಿಲ್ಲಿನಲ್ಲೋ ಕಾಗದದ ಯಂತ್ರದ ಬಳಿಯೋ ಕೆಲಸ ಮಾಡಿದವರಿಗೆ ಪಿಎಲ್‌ಸಿ ಏನು ಅಂತ ಹೇಳಬೇಕಿಲ್ಲ. 1986ರಲ್ಲಿ ಅದನ್ನು ಬಿಟ್ಟು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿದ. ರಾತ್ರಿ ಮನೆಯಲ್ಲಿ ತನ್ನದೇ ಕೆಲಸ.

ಆಗಿನ್ನೂ ಇಂಟರ್ನೆಟ್ ಮನೆಗೆ ಬಂದಿರಲಿಲ್ಲ. ಯಾರೋ ಒಬ್ಬ ಹವ್ಯಾಸಿ ತನ್ನ ಮನೆ ಕಂಪ್ಯೂಟರಿಗೆ ಫೋನ್ ಲೈನ್ ಸಿಕ್ಕಿಸಿ ಇಡೋದು, ಮಿಕ್ಕವರು ಅದಕ್ಕೆ ಫೋನು ಮಾಡಿ ಫೈಲು ಇಳಿಸಿಕೊಳ್ಳೋದು. ಬುಲೆಟಿನ್ ಬೋರ್ಡ್ ಅಂತ ಹೆಸರು. 2400ರ ಮೋಡೆಮ್ಮಿನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಬರುತ್ತಿತ್ತು. 360 ಕೆಬಿಯ ಒಂದು ಫ್ಲಾಪಿಯಷ್ಟು ಸರಕು ಬರೋಕೆ 25 ನಿಮಿಷ. ದೂರದ ಊರಾದರೆ ಪ್ರತಿ ನಿಮಿಷಕ್ಕೂ ಬಿಲ್ಲು. ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡುತ್ತಾ ಮಾತು ನುಂಗಿದ ತಲೆಮಾರಿಗೆ ಆ ಸಂಕಟ ಗೊತ್ತು. ಫೈಲನ್ನು ಅರ್ಧಕ್ಕೆ ಇಳಿಸುವ ಪ್ರೋಗ್ರಾಮು ಅಂದರೆ ನೇರವಾಗಿ ದುಡ್ಡು ಉಳಿಸುವ ಪ್ರೋಗ್ರಾಮು.

ಅಂಥ ಪ್ರೋಗ್ರಾಮೊಂದು ಆಗಲೇ ಇತ್ತು. ಹೆಸರು ಆರ್ಕ್. ಮಾಡಿದವನು ಥಾಮ್ ಹೆಂಡರ್ಸನ್. ನ್ಯೂಜೆರ್ಸಿಯಲ್ಲಿ ಸಿಸ್ಟಮ್ ಎನ್‌ಹಾನ್ಸ್‌ಮೆಂಟ್ ಅಸೋಸಿಯೇಟ್ಸ್ ಅನ್ನೋ ಕೆಲವೇ ಜನರ ಕಂಪನಿ ಅವನದ್ದು. ಆರ್ಕಿನ ಸೋರ್ಸ್ ಕೋಡು ಯಾರಿಗಾದರೂ ಓದಲು ಸಿಗುತ್ತಿತ್ತು. ಕ್ಯಾಟ್ಜ್ ಅದನ್ನು ಹಿಡಿದು, ಮುಖ್ಯ ಭಾಗಗಳನ್ನು ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಹೊಸದಾಗಿ ಬರೆದು ಪಿಕೆಆರ್ಕ್ ಅಂತ ಹೊರಗೆ ಬಿಟ್ಟ. ಅದು ಮೂಲಕ್ಕಿಂತ ಎಷ್ಟೋ ಪಟ್ಟು ಚುರುಕು. ಜನ ಮುಗಿಬಿದ್ದರು. ಅಮ್ಮನ ಅಡುಗೆಮನೆ ಮೇಜಿನ ಮೇಲೆ ಪಿಕೆವೇರ್ ಕಂಪನಿ ಶುರುವಾಯಿತು. ಲೆಕ್ಕಪತ್ರ ಅಮ್ಮನದ್ದು, ಕೋಡು ಮಗನದ್ದು.

1988ರಲ್ಲಿ ಹೆಂಡರ್ಸನ್ ಕಂಪನಿ ವಿಸ್ಕಾನ್ಸಿನ್ನಿನ ಫೆಡರಲ್ ಕೋರ್ಟಿಗೆ ಹೋಯಿತು. ಕೋಡು ನಮ್ಮದು, ಹೆಸರೂ ನಮ್ಮದು ಅನ್ನೋದು ದೂರು. ಇಲ್ಲಿ ಕ್ಯಾಟ್ಜ್‌ನ ಅಭಿಮಾನಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಮಾತೊಂದಿದೆ. ಎರಡೂ ಕೋಡನ್ನು ಪಕ್ಕದಲ್ಲಿಟ್ಟು ನೋಡಿದ ತಜ್ಞನಿಗೆ ಮೂಲದಲ್ಲಿದ್ದ ಟಿಪ್ಪಣಿಗಳು, ಆ ಟಿಪ್ಪಣಿಗಳಲ್ಲಿದ್ದ ಕಾಗುಣಿತದ ತಪ್ಪುಗಳು ಸಮೇತ ಕ್ಯಾಟ್ಜ್‌ನ ಕೋಡಿನಲ್ಲಿ ಸಿಕ್ಕವು. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗ ತಪ್ಪನ್ನೂ ಸೇರಿಸಿ ಇಳಿಸಿಕೊಂಡ ಹಾಗೆ. ಕೆಲವೇ ತಿಂಗಳಲ್ಲಿ ರಾಜಿಯಾಯಿತು. ಕ್ಯಾಟ್ಜ್ ಒಟ್ಟು 60,000 ಡಾಲರಿಗೂ ಹೆಚ್ಚು ಹಣ ಕೊಟ್ಟ. ಆರ್ಕ್ ರೂಪದ ಪ್ರೋಗ್ರಾಮುಗಳನ್ನು ನಿಲ್ಲಿಸಲು ಒಪ್ಪಿದ.

ಕೋರ್ಟಿನಲ್ಲಿ ಗೆದ್ದ ಹೆಂಡರ್ಸನ್ ಬೀದಿಯಲ್ಲಿ ಸೋತ. ಬುಲೆಟಿನ್ ಬೋರ್ಡಿನ ಜನ ಇದನ್ನ ದೊಡ್ಡ ಕಂಪನಿಯೊಂದು ಬಡ ಪ್ರತಿಭಾವಂತನ ಕತ್ತು ಹಿಸುಕಿದ ಕತೆಯಾಗಿ ಓದಿಕೊಂಡರು. ನಿಜದಲ್ಲಿ ಎರಡೂ ಸಣ್ಣ ಕಂಪನಿಗಳೇ. ಆರ್ಕನ್ನು ಬಹಿಷ್ಕರಿಸಿದರು, ಹೆಂಡರ್ಸನ್‌ಗೆ ಬೈಗುಳದ ಮಳೆ ಸುರಿಸಿದರು. ಆ ಕಂಪನಿ ಮತ್ತೆ ಏಳಲಿಲ್ಲ. ಇವತ್ತು ಸೋಶಿಯಲ್ ಮೀಡಿಯಾದಲ್ಲಿ ಒಂದೇ ರಾತ್ರಿಯಲ್ಲಿ ತೀರ್ಪು ಕೊಡುವ ಗುಂಪನ್ನು ನೋಡಿ ಇದೆಲ್ಲ ಹೊಸದು ಅಂದುಕೊಳ್ಳುತ್ತೇವೆ. 2400 ಮೋಡೆಮ್ಮಿನ ಕಾಲದಲ್ಲೂ ಇತ್ತು, ಸ್ವಲ್ಪ ನಿಧಾನಕ್ಕೆ ಬರುತ್ತಿತ್ತು.

ಆದರೆ ಸೋಲಿನ ಮೇಲೆ ಕ್ಯಾಟ್ಜ್ ಕಟ್ಟಿದ್ದು ಮಾತ್ರ ಪೂರ್ತಿ ಬೇರೆ ಸಂಗತಿ. 1989ರ ಆರಂಭದಲ್ಲಿ, ಗ್ಯಾರಿ ಕಾನ್ವೇ ಎಂಬುವನ ಜೊತೆ ಸೇರಿ ಹೊಸ ಪೆಟ್ಟಿಗೆಯ ವಿನ್ಯಾಸ ಹೊರತಂದ. ಚುರುಕು ಅನ್ನೋ ಅರ್ಥದಲ್ಲಿ ಹೆಸರು ಜಿಪ್. ಅದರ ಒಳರಚನೆಯನ್ನು ಬೈಟು ಬೈಟಾಗಿ ವಿವರಿಸುವ ದಸ್ತಾವೇಜನ್ನೂ ಜೊತೆಗೇ ಪ್ರಕಟಿಸಿದ. ಯಾರು ಬೇಕಾದರೂ ಜಿಪ್ ಫೈಲು ಮಾಡಬಹುದು, ಬಿಚ್ಚಬಹುದು, ಅದಕ್ಕೆ ಪ್ರೋಗ್ರಾಮ್ ಬರೆದು ಮಾರಬಹುದು, ಯಾರ ಅಪ್ಪಣೆಯೂ ಬೇಡ. ಇನ್ನೊಬ್ಬನ ಪೆಟ್ಟಿಗೆ ಮುಟ್ಟಿ ಕೈಸುಟ್ಟುಕೊಂಡವನು ತನ್ನ ಪೆಟ್ಟಿಗೆಗೆ ಬೀಗ ಹಾಕಲಿಲ್ಲ. ಪಶ್ಚಾತ್ತಾಪವೋ, ಹೆಂಡರ್ಸನ್ ಮೇಲಿನ ಹಟವೋ, ಬರೀ ವ್ಯಾಪಾರದ ಲೆಕ್ಕವೋ, ಹೇಳುವುದು ಕಷ್ಟ. ಮೂರೂ ಇದ್ದಿರಬಹುದು.

ಪೆಟ್ಟಿಗೆ ಹೇಗಿದೆ ಅನ್ನೋದಕ್ಕೆ ಶಿವಮೊಗ್ಗದ ಅಡಿಕೆ ಮಂಡಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಮಂಡಿಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಬರುತ್ತೆ. ಒಂದೊಂದು ಚೀಲಕ್ಕೂ ಒಂದು ಚೀಟಿ ಕಟ್ಟಿದೆ ಅಂದುಕೊಳ್ಳಿ: ಯಾರದ್ದು, ಯಾವ ಜಾತಿ, ತೂಕ ಎಷ್ಟು. ಜಿಪ್ಪಿನಲ್ಲೂ ಒಳಗಿನ ಒಂದೊಂದು ಫೈಲಿಗೆ ಇಂಥದೇ ಚೀಟಿ ಇದೆ: ಹೆಸರು, ಒತ್ತುವ ಮೊದಲಿನ ಗಾತ್ರ, ಒತ್ತಿದ ಮೇಲಿನ ಗಾತ್ರ, ಒತ್ತಿದ ವಿಧಾನ, ಮತ್ತು ಸಿಆರ್‌ಸಿ ಅನ್ನೋ ತಾಳೆ ಸಂಖ್ಯೆ. ಒಂದೇ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಈ ಸಂಖ್ಯೆ ತಾಳೆಯಾಗಲ್ಲ. ಎಲ್ಲ ಚೀಲಗಳೂ ಮುಗಿದ ಮೇಲೆ, ಫೈಲಿನ ಕಟ್ಟಕಡೆಯಲ್ಲಿ, ಗುಮಾಸ್ತರ ಪುಸ್ತಕದ ಹಾಗೆ ಒಂದು ಪಟ್ಟಿ. ಯಾವ ಚೀಲ ಎಷ್ಟನೇ ಬೈಟಿನಿಂದ ಶುರುವಾಗುತ್ತೆ ಅಂತ ಅದರಲ್ಲಿದೆ. ಪಟ್ಟಿ ಕೊನೆಯಲ್ಲಿರೋದು ಸರಿಯೇ. ತುಂಬುತ್ತಾ ಹೋಗುವಾಗ ಒಟ್ಟು ಎಷ್ಟಾಯಿತು ಅಂತ ಗೊತ್ತಾಗೋದು ತುಂಬಿದ ಮೇಲೆ. ಓದುವವರು ಮೊದಲು ಪಟ್ಟಿ ನೋಡಿ, ಬೇಕಾದ ಚೀಲವನ್ನಷ್ಟೇ ಎತ್ತಿಕೊಳ್ಳಬಹುದು. ಆರ್ಕಿನಲ್ಲಿ ಈ ಪುಸ್ತಕ ಇರಲಿಲ್ಲ, ಚೀಲದಿಂದ ಚೀಲಕ್ಕೆ ನಡೆದೇ ಹೋಗಬೇಕಿತ್ತು. ಸಾವಿರಾರು ಫೈಲಿರುವ ಆ್ಯಪಿನಿಂದ ಫೋನು ಒಂದೇ ಒಂದು ಚಿತ್ರವನ್ನ ತಟ್ಟನೆ ತೆಗೆಯೋದು ಕೊನೆಯಲ್ಲಿರುವ ಈ ಪಟ್ಟಿಯಿಂದ.

ಚೀಟಿಯಲ್ಲಿ ಒತ್ತಿದ ವಿಧಾನ ಅಂತ ಬರೆದಿರುತ್ತೆ ಅಂದೆನಲ್ಲ, ಅದರಲ್ಲಿ ಒತ್ತಿಲ್ಲ, ಇದ್ದ ಹಾಗೇ ಇಟ್ಟಿದೆ ಅನ್ನೋದಕ್ಕೂ ಜಾಗ ಇದೆ. ಇದು ಸಣ್ಣ ವಿಷಯವಲ್ಲ. ಒಣಗಿದ ಅಡಿಕೆಯನ್ನ ಮತ್ತೆ ಅಂಗಳಕ್ಕೆ ಹರವಿದರೆ ತೂಕವೇನೂ ಇಳಿಯಲ್ಲ, ಆಳಿನ ಕೂಲಿ ದಂಡ. ಜೆಪೆಗ್ ಚಿತ್ರ, ಎಂಪಿ3 ಸದ್ದು ಮೊದಲೇ ಒತ್ತಿದ ಸರಕು. ಅವನ್ನ ಮತ್ತೆ ಒತ್ತಲು ಹೋದರೆ ಗಾತ್ರ ಇಳಿಯುವುದಿಲ್ಲ, ತೆರೆಯುವಾಗ ಫೋನಿಗೆ ಸುಮ್ಮನೆ ಕೆಲಸ. ಆಂಡ್ರಾಯ್ಡ್ 11ಕ್ಕೆ ಅಂತ ಕಟ್ಟಿದ ಆ್ಯಪಿನಲ್ಲಿ ಸಂಪನ್ಮೂಲಗಳ ಮುಖ್ಯ ಕೋಷ್ಟಕವನ್ನು ಒತ್ತಿಟ್ಟಿದ್ದರೆ ಫೋನು ಅದನ್ನು ಹಾಕಿಕೊಳ್ಳಲು ಒಪ್ಪೋದೇ ಇಲ್ಲ. ಅದನ್ನ ಬಿಚ್ಚದೆ, ಇದ್ದಲ್ಲಿಂದಲೇ ನೇರವಾಗಿ ಓದುವುದು ಅದರ ಪದ್ಧತಿ.

1993ರ ಹೊತ್ತಿಗೆ ಕ್ಯಾಟ್ಜ್ ತನ್ನ ಎರಡನೇ ದೊಡ್ಡ ಕೆಲಸ ಮುಗಿಸಿದ್ದ. ಡಿಫ್ಲೇಟ್ ಅನ್ನೋ ಒತ್ತುವ ವಿಧಾನ. 1977ರ ಲೆಂಪೆಲ್-ಜಿವ್ ಉಪಾಯ ಮತ್ತು 1952ರ ಹಫ್‌ಮನ್ ಉಪಾಯ, ಎರಡನ್ನೂ ಬೆಸೆದದ್ದು. ಮೊದಲೇ ಬಂದ ಸಾಲು ಮತ್ತೆ ಬಂದರೆ ಪೂರ್ತಿ ಬರೆಯದೆ, ಇಷ್ಟು ಹಿಂದೆ ಹೋಗಿ ಇಷ್ಟುದ್ದ ತಗೋ ಅಂತ ಗುರುತು ಹಾಕೋದು. ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ್ದು. ಹಾಗಂತ ಪೂರ್ತಿ ಸನ್ಯಾಸಿಯೇನಲ್ಲ, ಹುಡುಕುವ ತನ್ನದೊಂದು ಉಪಾಯಕ್ಕೆ 1991ರಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ಅದನ್ನು ಬಳಸದೆಯೂ ಡಿಫ್ಲೇಟ್ ಬರೆಯಬಹುದಿತ್ತು, ಜನ ಬರೆದರು. 1996ರಲ್ಲಿ ಅದು ಇಂಟರ್ನೆಟ್ಟಿನ ಅಧಿಕೃತ ದಾಖಲೆಗಳಲ್ಲಿ ಸೇರಿತು. ಪಿಎನ್‌ಜಿ ಚಿತ್ರದ ಒಳಗೆ ಇರೋದು ಇದೇ. ನೀವು ಓದುತ್ತಿರುವಂಥ ವೆಬ್ ಪುಟಗಳು ಸರ್ವರಿನಿಂದ ಹೊರಡುವಾಗ ವರ್ಷಗಟ್ಟಲೆ ಇದೇ ವಿಧಾನದಲ್ಲಿ ಮಡಚಿಕೊಂಡು ಬಂದವು.

1997ರಲ್ಲಿ ಸನ್ ಕಂಪನಿ ಜಾವಾ 1.1ರ ಜೊತೆ ಜಾರ್ ಫೈಲನ್ನು ತಂದಿತು. ಪ್ರೋಗ್ರಾಮನ್ನೂ ಅದರ ಚಿತ್ರ, ಸದ್ದುಗಳನ್ನೂ ಒಟ್ಟಿಗೆ ಕಟ್ಟಿ ಸಾಗಿಸುವ ಪೆಟ್ಟಿಗೆ. ಒಳಗೆ ಜಿಪ್. ಅಲ್ಲಿಂದ ಕ್ಯಾಟ್ಜ್‌ನ ಪೆಟ್ಟಿಗೆ ಬರೀ ಹಳೆ ಫೈಲು ಕಟ್ಟಿಡುವ ಚೀಲವಾಗಿ ಉಳಿಯಲಿಲ್ಲ, ಸಾಫ್ಟ್‌ವೇರ್ ಊರಿಂದೂರಿಗೆ ಹೋಗುವ ಲಾರಿಯೇ ಆಯಿತು. ಶಿವಮೊಗ್ಗದ ಜೆಎನ್‌ಎನ್ ಕಾಲೇಜಿನಂಥ ಕಡೆ ಓದಿ ಬೆಂಗಳೂರಿಗೆ ಹೋದವರು, ಈಗ ಊರಿನಲ್ಲೇ ಕೂತು ಸಹಕಾರ ಸಂಘಗಳಿಗೆ, ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರು, ದಿನವೂ ಇದೇ ಲಾರಿಗೆ ಸರಕು ತುಂಬುತ್ತಾರೆ.

ತುಂಬುವಾಗ ಆಗುವ ಒಂದು ಅನಾಹುತವನ್ನ ಇಲ್ಲಿ ಹೇಳಲೇಬೇಕು, ಯಾಕೆಂದರೆ ಏಟು ಬೀಳೋದು ಕನ್ನಡಕ್ಕೆ. ಪ್ಯಾಕೇಜು ಕಟ್ಟುವ ಸಾಧನಗಳಿಗೆ ಒಂದು ಅಭ್ಯಾಸ ಇದೆ: ಫೈಲುಗಳೊಳಗೆ ಖಾಲಿ ಬಿಟ್ಟ ಜಾಗಗಳಲ್ಲಿ ಸರ್ವರಿನ ವಿಳಾಸ, ಆವೃತ್ತಿ ಸಂಖ್ಯೆ ತುಂಬಿಕೊಂಡು ಹೋಗೋದು. ಪಠ್ಯದ ಫೈಲಿಗೆ ಅದು ಸರಿ. ಆದರೆ ಕನ್ನಡದ ಫಾಂಟು ಪಠ್ಯವಲ್ಲ, ಬೈನರಿ. ಅದರಲ್ಲಿರುವುದು ಅಕ್ಷರದ ಓರೆಕೋರೆಗಳ ಲೆಕ್ಕ, ಒತ್ತಕ್ಷರ ಎಲ್ಲಿ ಕೂರಬೇಕು ಅನ್ನೋ ಕೋಷ್ಟಕ. ಸಾಧನ ಅದನ್ನೂ ಪಠ್ಯ ಅಂತ ಓದಿ, ಅರ್ಥವಾಗದ ಬೈಟುಗಳ ಜಾಗದಲ್ಲಿ ಇನ್ನೇನನ್ನೋ ಬರೆದು ಮುಂದೆ ಹೋಗುತ್ತೆ. ತಾಳೆ ಸಂಖ್ಯೆ ಲೆಕ್ಕ ಹಾಕೋದು ಇದೆಲ್ಲ ಆದ ಮೇಲೆ. ಹಾಗಾಗಿ ಕೆಟ್ಟ ಫಾಂಟೇ ಸರಿಯಾದ ಸರಕು ಅಂತ ಪೆಟ್ಟಿಗೆ ನಿಷ್ಠೆಯಿಂದ ಕಾದು ತಲುಪಿಸುತ್ತೆ. ರಸೀದಿಯ ಪಿಡಿಎಫ್ ತೆಗೆದರೆ ಇಂಗ್ಲಿಷ್ ಚೆನ್ನಾಗಿರುತ್ತೆ, ಕನ್ನಡದ ಜಾಗದಲ್ಲಿ ಚೌಕ ಚೌಕ. ಕೊನೆಗೆ ಕನ್ನಡವೇ ತೊಂದರೆ, ಇಂಗ್ಲಿಷಿನಲ್ಲೇ ಇರಲಿ ಅಂತ ತೀರ್ಮಾನವಾಗುತ್ತೆ! ಮಾಡಬೇಕಾದ್ದು ಇಷ್ಟೇ: ಫಾಂಟು, ಚಿತ್ರ, ಸದ್ದುಗಳನ್ನು ಈ ತುಂಬುವ ಕೆಲಸದಿಂದ ಹೊರಗಿಡಿ ಅಂತ ಸಾಧನಕ್ಕೆ ಹೇಳೋದು, ಕಟ್ಟಿದ ಮೇಲೆ ಒಳಗಿನ ಫಾಂಟನ್ನು ಹೊರತೆಗೆದು ಮೂಲದ ಜೊತೆ ಬೈಟು ಬೈಟಾಗಿ ತಾಳೆ ನೋಡೋದು.

ಮತ್ತೆ ಮಿಲ್ವಾಕಿಗೆ. ಕಂಪನಿ ಬೆಳೆಯಿತು, ದುಡ್ಡು ಬಂತು, ಕ್ಯಾಟ್ಜ್ ಒಳಗೊಳಗೇ ಕುಸಿಯತೊಡಗಿದ. ವ್ಯವಹಾರ ಅವನಿಗೆ ಬೇಡ, ಜನರ ನಡುವೆ ಇರೋದು ಬೇಡ. ವಿಂಡೋಸ್ ಬಂದಾಗ ಪಿಕೆವೇರ್ ತಡ ಮಾಡಿತು. ನಿಕೋ ಮ್ಯಾಕ್ ಎಂಬುವನು 1991ರಲ್ಲೇ ತಂದ ವಿನ್‌ಜಿಪ್ ಮನೆಮಾತಾಯಿತು. ಬೀಗ ಹಾಕದ ಪೆಟ್ಟಿಗೆ ಅಲ್ಲವೇ, ಯಾರು ಬೇಕಾದರೂ ಚಂದದ ಹಿಡಿಕೆ ಹಾಕಿ ಮಾರಬಹುದಿತ್ತು. ಕುಡಿತ ಹೆಚ್ಚಾಯಿತು. ಕುಡಿದು ಗಾಡಿ ಓಡಿಸಿ ಲೈಸೆನ್ಸ್ ಕಳೆದುಕೊಂಡ. ಆಮೇಲೂ ಓಡಿಸಿ ಹಲವು ಸಲ ಪೊಲೀಸರ ಕೈಗೆ ಸಿಕ್ಕ. ಅಮ್ಮನ ಜೊತೆಯ ಸಂಬಂಧವೂ ಹಳಸಿತು. ನೆರೆಯವರು ದೂರು ಕೊಟ್ಟು, ಅಧಿಕಾರಿಗಳು ಆತನ ಮನೆಯೊಳಗೆ ಹೋದಾಗ ಕಂಡದ್ದು ಕಸದ ರಾಶಿ. ಒಂದು ಬೈಟೂ ದಂಡವಾಗದ ಹಾಗೆ ಪೆಟ್ಟಿಗೆ ಜೋಡಿಸಿದವನ ಮನೆ ಅದು. ಕೊನೆಕೊನೆಗೆ ಮನೆಗೂ ಹೋಗುತ್ತಿರಲಿಲ್ಲ, ಒಂದು ಮೋಟೆಲಿನಿಂದ ಇನ್ನೊಂದು ಮೋಟೆಲಿಗೆ.

2000ದ ಏಪ್ರಿಲ್ 14ರಂದು ಮಿಲ್ವಾಕಿಯ ಒಂದು ಮೋಟೆಲ್ ಕೋಣೆಯಲ್ಲಿ ಆತನ ಶವ ಸಿಕ್ಕಿತು. ಹತ್ತಿರ ಖಾಲಿ ಮದ್ಯದ ಬಾಟಲಿ. ದೀರ್ಘಕಾಲದ ಕುಡಿತದಿಂದ ಮೇದೋಜೀರಕ ಗ್ರಂಥಿಯಲ್ಲಿ ರಕ್ತಸ್ರಾವ ಅನ್ನೋದು ವೈದ್ಯಕೀಯ ತೀರ್ಮಾನ. ಮರುವರ್ಷ ಕಂಪನಿ ಬೇರೆಯವರ ಕೈಗೆ ಹೋಯಿತು. ಆತ ಹಾಕಿದ್ದ ಅಳತೆಯಲ್ಲಿ ಒಂದು ಪೆಟ್ಟಿಗೆಗೆ 65,535 ಫೈಲು, 4 ಜಿಬಿ ಮಿತಿ ಇತ್ತು. 1989ರ ಫ್ಲಾಪಿ ಲೆಕ್ಕದಲ್ಲಿ ಅದು ಸಮುದ್ರ. ಅದನ್ನ ಹಿಗ್ಗಿಸಿದ್ದು ಆತ ಹೋದ ಮೇಲೆ.

ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ, ಕ್ಯಾಟ್ಜ್ ಸತ್ತ ಎಂಟು ವರ್ಷಕ್ಕೆ. ಬೀಗವಿಲ್ಲದ ಪೆಟ್ಟಿಗೆಗೆ ಆಮೇಲೆ ಇತರರು ಮುದ್ರೆ ಒತ್ತುವ ಏರ್ಪಾಡು ಮಾಡಿದರು. ಒಳಗಿನ ಫೈಲು ಬದಲಾದರೆ ಮುದ್ರೆ ಒಡೆದದ್ದು ಫೋನಿಗೆ ಗೊತ್ತಾಗುತ್ತೆ. 2013ರಲ್ಲಿ ಅದರಲ್ಲೂ ಒಂದು ತೂತು ಸಿಕ್ಕಿತು: ಒಂದೇ ಹೆಸರಿನ ಚೀಟಿ ಕಟ್ಟಿದ ಎರಡು ಚೀಲ ಇಟ್ಟರೆ, ಮುದ್ರೆ ನೋಡುವ ಭಾಗ ಒಂದನ್ನು ನೋಡುತ್ತಿತ್ತು, ಹಾಕಿಕೊಳ್ಳುವ ಭಾಗ ಇನ್ನೊಂದನ್ನು ಎತ್ತಿಕೊಳ್ಳುತ್ತಿತ್ತು. ತೂತು ಮುಚ್ಚಿದರು. 2016ರಿಂದ ಮುದ್ರೆ ಚೀಲಗಳಿಗೂ ಕೊನೆಯ ಪಟ್ಟಿಗೂ ನಡುವೆ ಕೂರುತ್ತೆ, ಇಡೀ ಪೆಟ್ಟಿಗೆಯನ್ನು ಒಟ್ಟಾಗಿ ಕಾಯುತ್ತೆ.

ಆದರೆ ಮೋಸಗಾರನೂ ತನ್ನ ಪೆಟ್ಟಿಗೆಗೆ ತನ್ನದೇ ಮುದ್ರೆ ಒತ್ತಬಹುದು. ಪೆಟ್ಟಿಗೆ ಕಟ್ಟಿದ ಮೇಲೆ ಬದಲಾಗಿಲ್ಲ ಅಂತಷ್ಟೇ ಮುದ್ರೆ ಹೇಳೋದು, ಕಟ್ಟಿದವನು ಯೋಗ್ಯನೋ ಅಂತಲ್ಲ. ವಾಟ್ಸಾಪಿನಿಂದ ಬಂದ ಎಪಿಕೆ ಒತ್ತಿದರೆ ಫೋನು ಒಮ್ಮೆ ತಡೆದು ಕೇಳುತ್ತೆ, ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪು, ಹಾಕಲೇ ಅಂತ. ಮದುವೆ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತೆ. ಅದನ್ನ ಫೋನಿಗೆ ಹಾಕಿಕೊಳ್ಳೋ ಪ್ರಶ್ನೆಯೇ ಬರಲ್ಲ, ತೆರೆದು ನೋಡಿದರೆ ಆಯಿತು.